ಒಂದು ಬೆರಳಿನಷ್ಟು ಕಿಟಕಿ

ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂರಿಸಿದ ಪುಟ್ಟ ಕೋಣೆಗೆ ಅಮೆರಿಕದಲ್ಲಿ ಟ್ರಕ್ ಕ್ಯಾಂಪರ್ ಎನ್ನುತ್ತಾರೆ. ಒಳಗೆ ಹಾಸಿಗೆ, ಗ್ಯಾಸ್ ಒಲೆ, ಹೀಟರ್, ನೀರಿನ ಟ್ಯಾಂಕು. ಬೇಸಿಗೆಯಲ್ಲಿ ಯಾರು ಬೇಕಾದರೂ ಅದನ್ನು ಓಡಿಸಿಕೊಂಡು ಹೋಗಿ ಕಾಡಂಚಿನಲ್ಲಿ ಮಲಗಬಹುದು. ಚಳಿಗಾಲದ ಮಾತು ಬೇರೆ. ವಯೋಮಿಂಗ್ ರಾಜ್ಯದ ಲಾರಮಿ ಸುಮಾರು 2,200 ಮೀಟರ್ ಎತ್ತರದ ಊರು. ಅಲ್ಲಿ ಹಿಮದ ಬಗ್ಗೆ ಸಂಶೋಧನೆ ಮಾಡುವ ನನಗೂ ನನ್ನ ಸಹಪಾಠಿಗೂ ಸ್ನೋಯಿ ರೇಂಜ್ ಬೆಟ್ಟಗಳ ಬಳಿ ರಾತ್ರಿ ಕಳೆಯಲು ಅವಳ ಹಳೆಯ ಕ್ಯಾಂಪರೇ ಗತಿ.

ಮೊದಲ ಕೆಲಸ ನೀರನ್ನು ಹೊರಹಾಕುವುದು. ನೀರು ಹೆಪ್ಪುಗಟ್ಟುವಾಗ ಶೇ. 9ರಷ್ಟು ಹಿಗ್ಗುತ್ತದೆ, ಪಂಪಿನಲ್ಲಿ ಸ್ವಲ್ಪ ಉಳಿದರೂ ಅದು ಸೀಳಬಹುದು. ಟ್ಯಾಂಕು ಖಾಲಿ ಮಾಡಿ, ಕೊಳವೆಗಳಿಗೆ ಗುಲಾಬಿ ಬಣ್ಣದ ಪ್ರೊಪೈಲಿನ್ ಗ್ಲೈಕಾಲ್ ದ್ರಾವಣ ಹಾಯಿಸುತ್ತೇವೆ. ಎಂಜಿನ್ನಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದನ್ನು ಇಲ್ಲಿ ಬಳಸುವಂತಿಲ್ಲ. ಕುಡಿಯುವ ನೀರು ಕ್ಯಾನಿನಲ್ಲಿ, ಹಾಸಿಗೆಯ ಪಕ್ಕ. ಗ್ಯಾಸ್ ಪ್ರೊಪೇನೇ ಆಗಬೇಕು. ಬ್ಯುಟೇನ್ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ಅನಿಲವಾಗಲು ಒಲ್ಲೆ ಎನ್ನುತ್ತದೆ. ಪ್ರೊಪೇನ್ ಕುದಿಯುವುದು ಮೈನಸ್ 42ರಲ್ಲಿ. ಲಿಥಿಯಂ ಬ್ಯಾಟರಿಯನ್ನು ಸೊನ್ನೆಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಡುತ್ತದೆ, ಹಾಗಾಗಿ ಅದಕ್ಕೂ ಒಳಗೇ ಜಾಗ.

ಆಮೇಲೆ ಕಿಟಕಿಗಳಿಗೆ ಬೆಳ್ಳಿ ಬಣ್ಣದ ಗುಳ್ಳೆ ಹಾಳೆ, ಚಾವಣಿಯ ಗಾಳಿಗಿಂಡಿಗೆ ಸ್ಪಂಜಿನ ದಿಂಬು. ಇಷ್ಟಾದರೆ ಚಳಿ ಹೊರಗೆ, ನಾವು ಒಳಗೆ ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ ಚಳಿಗಿಂತ ಹೆಚ್ಚು ಕಾಡುವುದು ತೇವ.

ತೇವ ನನಗೆ ಹೊಸದಲ್ಲ. ಮಳೆಗಾಲದಲ್ಲಿ ಚಪ್ಪಲಿಗೂ ಪುಸ್ತಕಕ್ಕೂ ಬೂಷ್ಟು ಹಿಡಿಯುವ ಸಾಗರದ ಕಡೆಯ ಮನೆಯಲ್ಲಿ ಬೆಳೆದವಳು ನಾನು. ಬಚ್ಚಲ ಒಲೆಯ ಮೇಲೆ ಒಣಗಿಸಿದ ಯೂನಿಫಾರ್ಮಿಗೆ ಹೊಗೆಯ ವಾಸನೆ ಇರುತ್ತಿತ್ತು. ಅಲ್ಲಿ ತೇವ ಆಕಾಶದಿಂದ ಬರುತ್ತದೆ. ಇಲ್ಲಿನ ಒಣಗಾಳಿಯಲ್ಲಿ ಅದು ನಮ್ಮಿಂದಲೇ ಬರುತ್ತದೆ. ಇಬ್ಬರು ಮಲಗಿದರೆ ಒಂದು ರಾತ್ರಿಯಲ್ಲಿ ಹೆಚ್ಚುಕಡಿಮೆ ಅರ್ಧ ಲೀಟರ್ ನೀರು ಆವಿಯಾಗಿ ಕೋಣೆ ಸೇರುತ್ತದೆ. ಅಡುಗೆ ಒಲೆಯಲ್ಲಿ ಒಂದು ಕಿಲೋ ಪ್ರೊಪೇನ್ ಉರಿದರೆ ಹುಟ್ಟುವ ನೀರೇ ಸುಮಾರು 1.6 ಕಿಲೋ. ಈ ಆವಿ ತಣ್ಣಗಿನ ಅಲ್ಯೂಮಿನಿಯಂ ಚೌಕಟ್ಟಿನ ಮೇಲೆ, ಹಾಸಿಗೆಯ ಅಡಿಯಲ್ಲಿ ಹನಿಯಾಗಿ ಬೆಳಗಿನ ಹೊತ್ತಿಗೆ ಮಂಜುಗಡ್ಡೆಯಾಗಿರುತ್ತದೆ. ಒದ್ದೆಯಾದ ಹೊದಿಕೆ ಎಷ್ಟು ದಪ್ಪವಿದ್ದರೂ ಬೆಚ್ಚಗಿಡುವುದಿಲ್ಲ. ಅದಕ್ಕೇ ಹಾಸಿಗೆಯ ಕೆಳಗೆ ಗಾಳಿಯಾಡುವ ಜಾಲರಿ ಚಾಪೆ. ಕಿಟಕಿಯೂ ಗಾಳಿಗಿಂಡಿಯೂ ಒಂದೊಂದು ಬೆರಳಿನಷ್ಟು ತೆರೆದಿರಬೇಕು, ಹೊರಗೆ ಮೈನಸ್ 20 ಇದ್ದರೂ.

ಇನ್ನೊಂದು ಕಾರಣ ಇನ್ನೂ ದೊಡ್ಡದು. ಗಾಳಿ ಸಾಲದೆ ಉರಿಯುವ ಬೆಂಕಿ ಕಾರ್ಬನ್ ಮೊನಾಕ್ಸೈಡ್ ಉಗುಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲಿದ್ದವರಿಗೆ ತಿಳಿಯುವುದೂ ಇಲ್ಲ. ಹಾಗಾಗಿ ಚಳಿ ಕಾಯಿಸಲು ಅಡುಗೆ ಒಲೆ ಹಚ್ಚುವುದಿಲ್ಲ. ಹೀಟರಿನ ಹೊಗೆಯ ಬಾಯಿಗೆ ಹಿಮ ಕಟ್ಟಿಕೊಂಡಿಲ್ಲವೆಂದು ಮಲಗುವ ಮುನ್ನ ಹೊರಗೆ ಹೋಗಿ ನೋಡಲೇಬೇಕು. ಎಚ್ಚರಿಕೆಯ ಅಲಾರಂ ಒತ್ತಿ ಪರೀಕ್ಷಿಸಲೇಬೇಕು. ನನ್ನ ಸಹಪಾಠಿ ಎಷ್ಟೇ ದಣಿದಿದ್ದರೂ ಈ ಎರಡನ್ನು ಬಿಡುವುದಿಲ್ಲ. ಅವಳನ್ನು ನೋಡಿ ನಾನೂ ಕಲಿತೆ.

ಮೊದಲ ಸಲ ಹೊರಡುವ ಮುನ್ನ ಅಮ್ಮ ಫೋನಿನಲ್ಲಿ, “ಕಿಟಕಿ ಎಲ್ಲ ಭದ್ರ ಹಾಕ್ಕಂಡು ಮಲಗು ಪುಟ್ಟಿ” ಎಂದಳು.

“ಇಲ್ಲಮ್ಮಾ, ಸ್ವಲ್ಪ ತೆಗ್ದಿಡ್ಬೇಕು. ಇಲ್ದಿದ್ರೆ ಉಸಿರಿನ ನೀರೆಲ್ಲ ಒಳಗೇ ಇಳಿಯತ್ತೆ. ಬೆಂಕಿಗೂ ಗಾಳಿ ಬೇಕಲ್ಲ.”

ಅವಳು ಒಂದು ಕ್ಷಣ ಸುಮ್ಮನಿದ್ದಳು. “ಹಂಗಾರೆ ನಮ್ಮ ಹಳೇ ಅಡುಗೆಮನೆ ಹೆಂಚಿನ ಸಂದಿನ ಹಂಗೆ ಅನ್ನು” ಎಂದಳು. ನಾನು ಇಷ್ಟು ಹೊತ್ತು ವಿವರಿಸಿದ್ದೆಲ್ಲ ಅದರಲ್ಲಿತ್ತು. ಆ ಸಂದಿನಿಂದ ಹೊಗೆ ಹೋಗುತ್ತಿತ್ತು, ಬೆಳಕು ಬರುತ್ತಿತ್ತು, ಜಡಿಮಳೆಯಲ್ಲಿ ಒಂದೆರಡು ಹನಿಯೂ ಬೀಳುತ್ತಿತ್ತು. ಅದನ್ನು ಮುಚ್ಚಬೇಕೆಂದು ಮನೆಯಲ್ಲಿ ಯಾರೂ ಹೇಳಿದ್ದಿಲ್ಲ.

“ಹೊದಿಕೆ ಎಷ್ಟು ಇಟ್ಕಂಡಿದೀಯ?” ಎಂಬುದು ಅವಳ ಮುಂದಿನ ಪ್ರಶ್ನೆ.