ಮಾತು ದಾಟಿಸಿದವಳ ಕೇಸ್ ಬುಕ್

ರಜೆಗೆಂದು ಹಳಿಯಾಳಕ್ಕೆ ಬಂದಿದ್ದ ನಮ್ಮ ಓಣಿಯ ಹುಡುಗಿ ಮೊನ್ನೆ ಕಟ್ಟೆಯ ಮೇಲೆ ಕೂತು ತನ್ನ ಕೇಸ್ ಬುಕ್ ತಿರುವಿ ಹಾಕುತ್ತಿದ್ದಳು. ಜಿಎನ್‌ಎಂ ನರ್ಸಿಂಗ್ ಓದುವ ಹುಡುಗಿ, ಹೆರಿಗೆ ವಾರ್ಡಿನ ಪೋಸ್ಟಿಂಗ್ ಆಗಷ್ಟೇ ಮುಗಿದಿತ್ತು. "ಕಾಕಾ, ನನ್ನ ಜೋಡಿ ಹುಡುಗ್ಯಾರ ಬುಕ್ ತುಂಬ್ಯಾವು, ನಂದಷ್ಟ ಖಾಲಿ ಉಳದೈತಿ ನೋಡ್ರಿ" ಅಂದಳು. ಯಾಕವ್ವಾ ಅಂತ ಕೇಳಿದರೆ, "ನನಗ ಮರಾಠಿ, ಕೊಂಕಣಿ ಬರ್ತಾವಲ್ರಿ, ಅದಕ್ಕ" ಅಂದಳು. ಆ ಉತ್ತರ ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ.

ನಮ್ಮ ಕಡೆಯ ಕಷ್ಟದ ಹೆರಿಗೆಗಳು ಎಲ್ಲಿಗೆ ಹೋಗುತ್ತವೆ ಅಂತ ನಿಮಗೆ ಹೇಳಬೇಕಾಗಿಲ್ಲ. ಮುಂಡಗೋಡ, ಹಳಿಯಾಳದವರು ಹುಬ್ಬಳ್ಳಿ, ಧಾರವಾಡದ ದಾರಿ ಹಿಡಿಯುತ್ತಾರೆ. ರಾಮನಗರದವರಿಗೆ ಬೆಳಗಾವಿ ಹತ್ತಿರ. ಜಿಲ್ಲಾ ಕೇಂದ್ರ ಕಾರವಾರವೋ, ಘಟ್ಟದ ಕೆಳಗೆ. 2008ರಲ್ಲಿ 108 ಗಾಡಿ ಬಂದ ಮೇಲೆ ಜೋಯಿಡಾದ ಕಾಡಿನೊಳಗಿನ ಕುಣಬಿ ಹೆಂಗಸರೂ ದೊಡ್ಡ ಆಸ್ಪತ್ರೆಯ ಬಾಗಿಲು ಕಾಣುವಂತಾಯಿತು, ಅದು ದೊಡ್ಡ ಮಾತು. ಆದರೆ ಬಾಗಿಲ ಒಳಗೆ ಅವರ ಕೊಂಕಣಿಯನ್ನು ಕೇಳಿಸಿಕೊಳ್ಳುವವರು ಯಾರು? ಈ ಹುಡುಗಿಯ ವಾರ್ಡಿನಲ್ಲಿ ಡಾಕ್ಟರು ಕಲಬುರಗಿಯವರು, ಟ್ಯೂಟರ್ ಕೇರಳದವರು, ಜೊತೆಗಿನ ವಿದ್ಯಾರ್ಥಿನಿಯರು ಬಾಗಲಕೋಟೆ, ರಾಯಚೂರಿನವರು. ಆಗ ಕೂಗು ಬೀಳುತ್ತದೆ: "ಏ, ಹಳಿಯಾಳದ ಹುಡುಗಿ ಎಲ್ಲಿ? ಕರೀರಿ ಆಕಿನ್ನ!"

ಇವಳು ಅಷ್ಟೊತ್ತು ತನ್ನ ಪಾಲಿನ ಬಾಣಂತಿಯಾಗಲಿರುವವಳ ಪಕ್ಕ ನಿಂತು, ನೋವು ಎಷ್ಟು ಹೊತ್ತಿಗೊಮ್ಮೆ ಬರುತ್ತದೆ ಅಂತ ಎಣಿಸಿ, ಅರ್ಧ ಗಂಟೆಗೊಮ್ಮೆ ಕೂಸಿನ ಎದೆಬಡಿತ ಕೇಳಿ ಹೆರಿಗೆಯ ಲೆಕ್ಕ ಇಡುವ ಪಾರ್ಟೋಗ್ರಾಫ್ ಹಾಳೆಯಲ್ಲಿ ಗುರುತು ಹಾಕುತ್ತಿರುತ್ತಾಳೆ. ಕೂಗು ಬಿದ್ದ ಕಡೆ ಓಡುತ್ತಾಳೆ. ಅಲ್ಲಿ ಕೇಳಿ, ಹೇಳಿ, ಮತ್ತೆ ಕೇಳಿ ತಿರುಗಿ ಬರುವಷ್ಟರಲ್ಲಿ ಇಲ್ಲಿ ಹೆರಿಗೆ ಆಗಿಹೋಗಿರುತ್ತದೆ. ಕೂಸನ್ನು ಕೈಯಲ್ಲಿ ಹಿಡಿದವಳು ಬೇರೊಬ್ಬ ಹುಡುಗಿ, ಕೇಸು ಅವಳದ್ದು, ಟ್ಯೂಟರ್ ಸಹಿಯೂ ಅವಳ ಬುಕ್ಕಿಗೆ. ಇದರಲ್ಲಿ ಆ ಹುಡುಗಿಯ ತಪ್ಪೇನೂ ಇಲ್ಲ. ಆದರೆ ಇವಳು ಪಕ್ಕದ ಮಂಚದ ಹತ್ತಿರ ಮಾಡಿದ ಕೆಲಸಕ್ಕೆ ಬುಕ್ಕಿನಲ್ಲಿ ಕಾಲಮ್ಮೇ ಇಲ್ಲ.

ಆ ಕೆಲಸ ಸಣ್ಣದಲ್ಲ. ನೀರು ಎಷ್ಟೊತ್ತಿಗೆ ಹೋಯಿತು, ಅದರ ಬಣ್ಣ ಹೇಗಿತ್ತು, ಕೂಸು ಹೊಟ್ಟೆಯಲ್ಲಿ ನಿನ್ನೆಯ ಹಾಗೆ ಆಡುತ್ತಿದೆಯೋ ಇಲ್ಲವೋ, ಇವೆಲ್ಲ ಬಾಯಿಂದಲೇ ಬರಬೇಕು. ರಕ್ತದೊತ್ತಡ ಏರಿದ್ದನ್ನು ಯಂತ್ರ ತೋರಿಸುತ್ತದೆ. ತಲೆ ಸಿಡಿಯುತ್ತಿದೆ, ಕಣ್ಣು ಮಂಜಾಗುತ್ತಿದೆ, ಎದೆಯ ಕೆಳಗೆ ಹೊಟ್ಟೆ ಹಿಂಡುತ್ತಿದೆ ಎನ್ನುವುದನ್ನು ಬಸುರಿಯೇ ಹೇಳಬೇಕು. ಫಿಟ್ಸ್ ಬರುವ ಮುಂಚಿನ ಸೂಚನೆ ಅದು. ಹೇಳಿದ್ದು ತಿಳಿಯದೆ ಹೋದರೆ ಹೋಗುವುದು ಎರಡು ಜೀವ. ಅತ್ತೆ ಅಡ್ಡಬಾಯಿ ಹಾಕಿ ತಾನೇ ಉತ್ತರ ಕೊಡಲು ಹೊರಟಾಗ, ನಯವಾಗಿ ಆಕೆಯನ್ನು ಹೊರಗೆ ಕೂರಿಸಿ ಸೊಸೆಯ ಬಾಯಿಂದಲೇ ಮಾತು ತೆಗೆಯುವುದನ್ನೂ ಇವಳೇ ಕಲಿತಿದ್ದಾಳೆ. ಯಾವ ಪುಸ್ತಕವೂ ಕಲಿಸದ ವಿದ್ಯೆ.

ಮರಾಠಿ ಅಜ್ಜಿಯರ ಬಗ್ಗೆ ಅವಳಿಗೆ ಬಲು ಪ್ರೀತಿ. ಗೌಳಿವಾಡದ ಅಜ್ಜಿಯೊಬ್ಬಳು ಮೊಮ್ಮಗ ಹುಟ್ಟಿದ ಖುಷಿಗೆ ಇವಳ ಗಲ್ಲ ಸವರಿ, ಸೊಸೆಗೆಂದು ತಂದಿದ್ದ ಅಂಟಿನ ಉಂಡಿಯಲ್ಲಿ ಎರಡನ್ನು ಇವಳ ಏಪ್ರನ್ ಕಿಸೆಗೇ ತುರುಕಿದಳಂತೆ. ಒಳ್ಳೆಯ ಜನ, ಅದರಲ್ಲಿ ಎರಡು ಮಾತಿಲ್ಲ. ಆದರೂ ಒಂದು ಮಾತು ಹೇಳಲೇಬೇಕು. ಹಳಿಯಾಳದ ಸಂತೆಯಲ್ಲಿ ಅವರು ಮರಾಠಿಯಲ್ಲಿ ಕೇಳುತ್ತಾರೆ, ನಾವು ಮರಾಠಿಯಲ್ಲೇ ಉತ್ತರ ಕೊಡುತ್ತೇವೆ. ತಲೆಮಾರುಗಳಿಂದ ಹೀಗೇ ನಡೆದು, ಹೆರಿಗೆ ನೋವಿನ ಹೊತ್ತಿಗೂ ಕನ್ನಡದ ನಾಲ್ಕು ಮಾತು ಅವರ ಮನೆಯ ಹೆಣ್ಣುಮಕ್ಕಳ ಬಾಯಿಗೆ ಬಾರದಂತಾಗಿದೆ. 1966ರ ನಂತರ ಮುಂಡಗೋಡಕ್ಕೆ ಬಂದು ನೆಲೆಸಿದ ಟಿಬೆಟಿಯನ್ನರ ಮಕ್ಕಳು ಅಂಗಡಿಯಲ್ಲಿ ಕನ್ನಡದಲ್ಲಿ ಚೌಕಾಸಿ ಮಾಡುತ್ತಾರೆ. ಮನೆಯಲ್ಲಿ ತಮ್ಮದೇ ಮಾತಾಡುವ ಸಿದ್ದಿ ಹುಡುಗಿಯರು ಶಾಲೆಯಲ್ಲಿ ಕನ್ನಡ ಕಲಿತು ಈಗ ನರ್ಸಿಂಗ್ ಓದುತ್ತಿದ್ದಾರೆ. ಕನ್ನಡ ಕಲಿತರೆ ಮನೆಮಾತು ಸಾಯುವುದಿಲ್ಲ ಎನ್ನುವುದಕ್ಕೆ ನಮ್ಮ ತಾಲ್ಲೂಕುಗಳೇ ಸಾಕ್ಷಿ.

ಇನ್ನು ಆಸ್ಪತ್ರೆಯ ಕಾಗದಪತ್ರ. ಆಪರೇಷನ್ನಿಗೆ ಒಪ್ಪಿಗೆ ಕೊಡುವ ಹಾಳೆ ಇವಳಿದ್ದ ವಾರ್ಡಿನಲ್ಲಿ ಇಂಗ್ಲಿಷಿನಲ್ಲೇ ಇತ್ತು. ಅದನ್ನೂ ಇವಳೇ ಓದಿ ಮೊದಲು ಕನ್ನಡದಲ್ಲಿ, ಆಮೇಲೆ ಕೊಂಕಣಿಯಲ್ಲಿ ಹೇಳಿ ಹೆಬ್ಬೆಟ್ಟು ಒತ್ತಿಸಬೇಕು. ಕರ್ನಾಟಕದ ನೆಲದ ಮೇಲೆ, ಕನ್ನಡ ಶಾಲೆ ಕಲಿತ ಗಂಡ ಪಕ್ಕದಲ್ಲೇ ನಿಂತಿರುವಾಗ, ಹಾಳೆ ಕನ್ನಡದಲ್ಲಿದ್ದರೆ ಅವನೇ ಓದಿಕೊಳ್ಳುತ್ತಿದ್ದನಲ್ಲ! ಇದಕ್ಕೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ನರ್ಸಿಂಗ್ ಕಾಲೇಜುಗಳ ಪ್ರಾಂಶುಪಾಲರಿಗೆ, ಟ್ಯೂಟರಮ್ಮಂದಿರಿಗೆ ನನ್ನ ವಿನಂತಿ ಇಷ್ಟೆ. ಹೊರರಾಜ್ಯದಿಂದ ಬಂದ ವಿದ್ಯಾರ್ಥಿಗಳನ್ನು ವಾರ್ಡಿಗೆ ಇಳಿಸುವ ಮುಂಚೆ ನೋವು, ನೀರು, ರಕ್ತ, ಉಸಿರಿನ ಬಗ್ಗೆ ಕೇಳುವಷ್ಟಾದರೂ ಕನ್ನಡ ಕಲಿಸಿ. ಗಡಿಯ ಹುಡುಗಿಯನ್ನು ಮಾತು ದಾಟಿಸಲು ಕರೆದರೆ ಆ ಕೆಲಸವನ್ನು ಅವಳ ಬುಕ್ಕಿನಲ್ಲಿ ಬರೆದು ಸಹಿ ಹಾಕಿ. ಮತ್ತು ಅವಳು ಕಾಯುತ್ತಿದ್ದ ಹೆರಿಗೆ ಕೈತಪ್ಪಿದರೆ ಮುಂದಿನದನ್ನು ಮೊದಲು ಅವಳ ಕೈಗೇ ಕೊಡಿ.