ಆಗುಂಬೆ ಇಳಿಜಾರಿನಲ್ಲಿ ಒಳಗೆ ಹೋದ ಪೆಡಲು

ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳಲ್ಲಿ ಅರ್ಧ ಮುಗಿದಿವೆ. ನೀವು ಡ್ರೈವರ್ ಪಕ್ಕದ ಸೀಟಿನಲ್ಲಿದ್ದೀರಿ. ಸ್ಟಿಯರಿಂಗ್ ಹಿಡಿದವರು ತೀರ್ಥಹಳ್ಳಿಯ ಮೇಷ್ಟ್ರು. ಹಿಂದೆ ಅವರ ಹೆಂಡತಿ, ಮಕ್ಕಳು, ಡಿಕ್ಕಿ ತುಂಬ ಸಾಮಾನು. ಮಳೆ ಈಗಷ್ಟೇ ಬಿಟ್ಟಿದೆ. ಕಿಟಕಿ ಇಳಿಸಿದರೆ ಕಾಡಿನ ಹಸಿ ಗಾಳಿ ಬರಬೇಕು, ಬರುತ್ತಿರುವುದು ಸುಟ್ಟ ವಾಸನೆ. ಮುಂದಿನ ತಿರುವಿಗೆ ಮೇಷ್ಟ್ರು ಬ್ರೇಕ್ ಒತ್ತುತ್ತಾರೆ. ಪೆಡಲು ಮೆತ್ತಗೆ ಒಳಗಿಳಿಯುತ್ತದೆ, ಇನ್ನೂ ಇಳಿಯುತ್ತದೆ. ನಿಮಗೇ ಗೊತ್ತಿಲ್ಲದೆ ನಿಮ್ಮ ಬಲಗಾಲು ನೆಲ ಒತ್ತುತ್ತಿದೆ. ಎದುರಿಂದ ಮಿನಿ ಬಸ್ಸಿನ ಹಾರನ್. ಮೇಷ್ಟ್ರು ಪೆಡಲನ್ನು ಪಟಪಟ ತುಳಿದು, ಗೇರನ್ನು ಮೂರರಿಂದ ಎರಡಕ್ಕೆ ಎಳೆಯುತ್ತಾರೆ. ಎಂಜಿನ್ ಗೋಳಿಟ್ಟು ಕಾರನ್ನು ಹಿಡಿಯುತ್ತದೆ. ಬಸ್ಸು ದಾಟಿ ಹೋದ ಮೇಲೂ ಹಿಂದಿನ ಸೀಟಿನಲ್ಲಿ ಮಾತಿಲ್ಲ.

ಸೋಮೇಶ್ವರದಲ್ಲಿ ಅರ್ಧ ಗಂಟೆ ನಿಂತು ಹೆಬ್ರಿಯ ಗ್ಯಾರೇಜಿಗೆ ಬರುವಷ್ಟರಲ್ಲಿ ಪೆಡಲು ಮತ್ತೆ ಗಟ್ಟಿ. ಮೇಷ್ಟ್ರ ಮುಖ ಬಾಡುತ್ತದೆ.

"ಸರ್ವಿಸ್ ಸೆಂಟರಲ್ಲೂ ಹೀಗೇ ಆಗೋದು. ಅಲ್ಲಿಗೆ ಹೋಗೋ ಹೊತ್ತಿಗೆ ಎಲ್ಲ ಸರಿ ಇರತ್ತೆ. ತೊಂದರೆ ಕಂಡುಬಂದಿಲ್ಲ ಅಂತ ಬರೆದು ಕಳಿಸ್ತಾರೆ."

"ಇಳಿವಾಗ ಎಷ್ಟನೇ ಗೇರಲ್ಲಿ ಇದ್ರಿ?"

"ಮೂರು."

"ಎರಡರಲ್ಲಿ ಬರ್ಬೇಕು ಮಾರಾಯ್ರೆ."

ಮೆಕ್ಯಾನಿಕ್ ಬಾನೆಟ್ ಎತ್ತಿ ಬ್ರೇಕ್ ಆಯಿಲಿನ ಡಬ್ಬಿ ತೋರಿಸುತ್ತಾನೆ. ಆಯಿಲ್ ಕಂದು ತಿರುಗಿದೆ. ಕಾರು ಕೊಂಡ ಮೇಲೆ ಬದಲಾಯಿಸಿದ್ದೇ ಇಲ್ಲ, ಈಗ ಮೂರನೇ ವರ್ಷ. ಇದು ಗಾಳಿಯ ತೇವವನ್ನು ಹೀರುವ ದ್ರವ. ಹೊಸ ಡಾಟ್-4 ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಸೇರಿದ್ದಕ್ಕೆ ನಿಗದಿಯಾದ ಮಿತಿ 155 ಮಾತ್ರ. ಜನ ತುಂಬಿದ 1,300 ಕಿಲೋ ತೂಕದ ಕಾರು ನೂರು ಮೀಟರ್ ಕೆಳಗಿಳಿದಾಗ ಬಿಡುವ ಶಕ್ತಿ ಸುಮಾರು ನಾಲ್ಕು ಲೀಟರ್ ತಣ್ಣೀರನ್ನು ಕುದಿಸಲು ಸಾಕು. ಎಂಜಿನ್ ತಡೆಯದಿದ್ದರೆ ಅದರಲ್ಲಿ ಬಹುಪಾಲು ಬ್ರೇಕಿನ ಪಾಲಿಗೇ ಬರುತ್ತದೆ. ಆಯಿಲ್ ಕುದಿದು ಗುಳ್ಳೆ ಎದ್ದರೆ ಕಾಲು ಒತ್ತುವುದು ಬರೀ ಆವಿಯನ್ನು. ಆರಿದ ಮೇಲೆ ಗುಳ್ಳೆಯೂ ಇಲ್ಲ, ದೂರಿಗೆ ಸಾಕ್ಷಿಯೂ ಇಲ್ಲ. ಹಾಗಂತ ಮೇಷ್ಟ್ರು ಸುಳ್ಳು ಹೇಳಿದಂತಾಯಿತೇ? ಗಾಡಿಯನ್ನು ಸಪಾಟು ರಸ್ತೆಯಲ್ಲಿ ಒಂದು ಸುತ್ತು ಓಡಿಸಿ ಸರಿ ಇದೆ ಎಂದವರು ಪರೀಕ್ಷೆಯನ್ನೇ ಮಾಡಿಲ್ಲ.

ಚಕ್ರ ಬಿಚ್ಚುತ್ತಾನೆ. ಪ್ಯಾಡಿನ ಮೈ ಕಾದು ಹೊಳಪು ಬಂದಿದೆ. ಪ್ಯಾಡು, ಆಯಿಲ್ ಎರಡೂ ಬದಲಾಗಿ, ಪೈಪಿನ ಗಾಳಿ ತೆಗೆಯುವ ಹೊತ್ತಿಗೆ ಮೇಷ್ಟ್ರು ಇನ್ನೊಂದು ಸಂಕಟ ಹೇಳಿಕೊಳ್ಳುತ್ತಾರೆ: ಮುಂದೆ ಎಡಗಡೆ ಕಟಕಟ ಸದ್ದು. ಅದಕ್ಕೂ ಸರ್ವಿಸ್ ಸೆಂಟರಿನಲ್ಲಿ ಸಿಕ್ಕಿದ್ದು ಅದೇ ಉತ್ತರ.

"ಹಂಪಲ್ಲಿ ಬರ್ತದಾ, ಹೊಂಡದಲ್ಲಿ ಬರ್ತದಾ?"

ಮೇಷ್ಟ್ರು ಯೋಚಿಸುತ್ತಾರೆ. "ಹಂಪಲ್ಲಿ ಇಲ್ಲ. ಮನೆ ಹತ್ರದ ಮಣ್ಣು ರಸ್ತೆಯಲ್ಲಿ, ನಿಧಾನ ಹೋಗುವಾಗ."

ಈ ಪ್ರಶ್ನೆಯನ್ನು ಇಷ್ಟು ದಿನ ಯಾರೂ ಕೇಳಿರಲಿಲ್ಲ. ಮೆಕ್ಯಾನಿಕ್ ತಾನೇ ಕಾರು ಹತ್ತುತ್ತಾನೆ, ಮೇಷ್ಟ್ರನ್ನು ಪಕ್ಕಕ್ಕೆ, ನಿಮ್ಮನ್ನು ಹಿಂದಕ್ಕೆ ಕೂರಿಸುತ್ತಾನೆ. ಹಂಪನ್ನು ನೇರ ದಾಟಿಸಿದರೆ ಸದ್ದಿಲ್ಲ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಅವುಗಳ ನಡುವಿನ ಸ್ಟೆಬಿಲೈಸರ್ ರಾಡು ತಿರುಚುವುದಿಲ್ಲ, ಅದರ ತುದಿಯ ಲಿಂಕ್‌ಗೆ ಎಳೆತ ಬೀಳುವುದಿಲ್ಲ. ತಿರುಗಿ ಬಂದು ಓರೆಯಾಗಿ, ಒಂದೇ ಚಕ್ರ ಹತ್ತಿಸುತ್ತಾನೆ. ಕಟ್. ಮತ್ತೆ ಕಟ್. ನಿಮ್ಮ ಪಾದದಡಿಗೂ ಅದು ತಾಗುತ್ತದೆ.

"ಲಿಂಕ್ ರಾಡು ಹೋಗಿದೆ. ವಾರಂಟಿ ಉಂಟಲ್ಲ? ನಾನು ಬಿಚ್ಚುದಿಲ್ಲ, ಅಲ್ಲಿಯೇ ಹಾಕಿಸಿ. ಅವರನ್ನೂ ಪಕ್ಕದಲ್ಲಿ ಕೂರಿಸ್ಕೊಂಡು ಹೀಗೇ ಓಡಿಸಿ. ಬರೆಸದೆ ಮಾತ್ರ ಬರ್ಬೇಡಿ."

ದೂರು ಬರೆಸುವುದು ಮೆಕ್ಯಾನಿಕ್ ಒಬ್ಬನ ಹಟವಲ್ಲ. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 110ಎ ಕಲಂ ಪ್ರಕಾರ, ಅಪಾಯಕಾರಿ ದೋಷವಿರುವ ವಾಹನಗಳನ್ನು ಹಿಂದಕ್ಕೆ ಕರೆಸಿಕೊಳ್ಳುವಂತೆ ಕೇಂದ್ರ ಸರ್ಕಾರ ತಯಾರಕರಿಗೆ ಆದೇಶಿಸಬಹುದು. ಒಂದೇ ದೋಷವನ್ನು ಎಷ್ಟು ಪಾಲು ಮಾಲೀಕರು ಸರ್ಕಾರಕ್ಕೆ ವರದಿ ಮಾಡಿದ್ದಾರೆ ಎಂಬುದೂ ಅದಕ್ಕೆ ಒಂದು ಆಧಾರ. ಬಾಯಲ್ಲಿ ಹೇಳಿ ಬಂದ ದೂರು ಈ ಲೆಕ್ಕಕ್ಕೆ ಸೇರುವುದಿಲ್ಲ.

ಮೇಷ್ಟ್ರು ಡ್ಯಾಶ್‌ಬೋರ್ಡಿನ ಮೇಲೆ ಹಳೆಯ ಬಿಲ್ ಮಗುಚಿ ಬರೆಯುತ್ತಾರೆ: ಮುಂದಿನ ಎಡ ಚಕ್ರವೊಂದೇ ಹೊಂಡಕ್ಕೆ ಇಳಿದಾಗ, ನಿಧಾನ ವೇಗದಲ್ಲಿ, ಕಟಕಟ ಸದ್ದು. ನನ್ನೊಂದಿಗೆ ಓಡಿಸಿ ನೋಡಿ.