ಹಳಿಯ ಬಾಜೂಕ

ಇಂಗ್ಲಿಷಿನಲ್ಲಿ ‘ಲೈನ್‌ಸೈಡ್’ ಎಂದೊಂದು ಮಾತುಂಟು. ಅದು ರೈಲುಹಾದಿಯ ಪಕ್ಕಕ್ಕೆ ಮೀಸಲು. ಅದರ ನೆಂಟ ‘ಟ್ರ್ಯಾಕ್‌ಸೈಡ್’ ಕುದುರೆ ಜೂಜಿನ ಬಯಲಿಗೂ ಹೋಗಿಬರುತ್ತದೆ. ಕನ್ನಡದಲ್ಲಿ ಇಂಥ ಒಂಟಿ ಪದವಿಲ್ಲ, ಬೇಕೂ ಇಲ್ಲವೆನ್ನಿ. ಬದಿ, ಬಳಿ, ಪಕ್ಕ, ಮಗ್ಗುಲು ಎಲ್ಲವೂ ನಮ್ಮಲ್ಲಿವೆ. ಬೆಳಗಾವಿಯ ನಾಲಗೆಗೆ ಇವೆಲ್ಲಕ್ಕಿಂತ ರುಚಿಸುವುದು ‘ಬಾಜೂಕ’. “ಮನಿ ಎಲ್ಲೈತ್ರೀ?” ಎಂದರೆ “ರೂಳಿನ ಬಾಜೂಕರೀ” ಎಂದು ಉತ್ತರ ಬಂದೀತು. ರೂಳು ಮರಾಠಿಯ ನೆರೆಯಿಂದ ಬಂದದ್ದು, ಹಳಿ ನಮ್ಮದು. ಟಿಳಕವಾಡಿಯವರು ಮಾತ್ರ ಎರಡೂ ಬೇಡವೆಂದು ಮೊದಲನೇ ಗೇಟು, ಎರಡನೇ ಗೇಟು ಎಂದು ಎಣಿಸಿಬಿಡುತ್ತಾರೆ.

ಈ ಮಾತುಗಳೆಲ್ಲ ಒಂದೇ ಅಲ್ಲ. ‘ಹಳಿಯ ಬಳಿ ಅಪರಿಚಿತ ಶವ’ ಎಂದು ಪತ್ರಿಕೆಯಲ್ಲಿ ಓದುತ್ತೇವೆ. ಆತ ಹಳಿ ದಾಟುತ್ತಿದ್ದನೋ, ಬದಿಯಲ್ಲಿ ನಡೆಯುತ್ತಿದ್ದನೋ, ಗಾಡಿಯಿಂದ ಬಿದ್ದನೋ? ‘ಬಳಿ’ ಎಲ್ಲವನ್ನೂ ನುಂಗಿಕೊಂಡು ಸುಮ್ಮನಿರುತ್ತದೆ. ಸತ್ತವನ ಮನೆಯವರಿಗೆ ಮಾತ್ರ ಅದೇ ಮುಖ್ಯ ಪ್ರಶ್ನೆ.

ಕಾನೂನಿಗೆ ಬದಿಯೆಂಬುದೇ ತಿಳಿಯದು. 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಂತೆ ಅಪ್ಪಣೆಯಿಲ್ಲದೆ ರೈಲ್ವೆಯ ಜಾಗಕ್ಕೆ ಕಾಲಿಟ್ಟರೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಸಾವಿರ ರೂಪಾಯಿಯವರೆಗೆ ದಂಡ, ಇಲ್ಲವೆ ಎರಡೂ. ಆದರೆ ದೇಸೂರು, ಇದಲಹೊಂಡ, ಖಾನಾಪುರ, ಗುಂಜಿ ಎಂದು ಲೋಂಡಾದವರೆಗೆ ಸಾಗುವ ಈ ಹಾದಿ, 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಹಾಕಿದಂದಿನಿಂದ, ಹೊಲಕ್ಕೆ ಹೋಗುವವರಿಗೆ ಕಾಲುದಾರಿಯೂ ಹೌದು. ಮಳೆಗಾಲದ ಖಾನಾಪುರದ ಕೆಸರು ಕಂಡವರು ಅವರನ್ನು ಹಳಿಯಲಾರರು. (ಹಳಿಯುವುದೆಂದರೆ ನಿಂದಿಸುವುದೆಂದೂ ಅರ್ಥವಿರುವುದು ಎಷ್ಟು ಸೊಗಸು!)

ಒಂಟಿ ಹಳಿಯಿದ್ದಾಗ ‘ಬಾಜೂಕ ಸರಿ’ ಎಂದರೆ ಜೀವ ಉಳಿಯುವ ಮಾತಾಗಿತ್ತು. ಎಡಕ್ಕೆ ಸರಿ, ಬಲಕ್ಕೆ ಸರಿ, ಎತ್ತ ಸರಿದರೂ ಗಾಡಿ ತನ್ನ ಪಾಡಿಗೆ ಹೋಗುತ್ತಿತ್ತು. 1990ರ ದಶಕದಲ್ಲಿ ಮೀಟರ್ ಗೇಜು ಹೋಗಿ ಬ್ರಾಡ್ ಗೇಜು ಬಂದು, ಒಂದು ಮೀಟರಿನ ಅಂತರ 1,676 ಮಿಲಿಮೀಟರ್ ಆಯಿತು. ಬದಿ ಅಷ್ಟು ಹಿಂದೆ ಸರಿಯಿತು, ಅಷ್ಟೆ. ಆದರೆ ಮಿರಜ–ಲೋಂಡಾ ಮಾರ್ಗದಲ್ಲಿ ಜೋಡಿ ಹಳಿ ಹಾಕಿದ ಮೇಲೆ ಮಾತಿನ ಬೇರೇ ಅಲುಗಿತು. ಜೋಡಿ ಹಳಿಯಲ್ಲಿ ಒಂದರ ಬಾಜೂಕ ಇನ್ನೊಂದು ಮಲಗಿದೆ. ಎದುರಿನ ಗಾಡಿಗೆ ಹೆದರಿ ಸರಿದವನು ಹಿಂದಿನ ಗಾಡಿಯ ಹಾದಿಯಲ್ಲೇ ನಿಂತಿರುತ್ತಾನೆ. ಒಂದರ ಸದ್ದಿನಲ್ಲಿ ಮತ್ತೊಂದರ ಸದ್ದು ಮುಳುಗಿಹೋಗುತ್ತದೆ.

ಮಕ್ಕಳಿಗೆ ಈಗ ‘ಬಾಜೂಕ ಸರಿ’ ಎಂದರೆ ಸಾಲದು. ಯಾವ ಬಾಜೂಕ ಎಂಬುದನ್ನೂ ಹೇಳಬೇಕು. ವರದಿ ಬರೆಯುವವರೂ ‘ಬಳಿ’ಯನ್ನು ಬಿಟ್ಟು, ಹಾಗಿದ್ದಲ್ಲಿ, ‘ಎರಡು ಹಳಿಗಳ ನಡುವೆ’ ಎಂದು ಬರೆಯಲಿ. ಒಂದೇ ಪದ ಹೆಚ್ಚಾದೀತು.